ಒಡೆದ ದನಿಯ ಮೂಲ ಎದೆಯಲ್ಲಿತ್ತು

ನಾಗಮ್ಮನ ದನಿ ಒಡೆದದ್ದು ಮದುವೆ ಸೀಸನ್ನಿನಲ್ಲಿ. ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ.

ಹಳದೀಪುರದ ನಾಗಮ್ಮ ನಮ್ಮ ಮನೆಗೆ ಹರಿವೆ, ಬಸಳೆ ತರುವವಳು. ಅರಿಶಿನ ಹಚ್ಚುವುದರಿಂದ ಹೆಣ್ಣು ಒಪ್ಪಿಸುವವರೆಗೆ ಮದುವೆಯ ಪ್ರತಿ ಶಾಸ್ತ್ರಕ್ಕೂ ಅವಳ ಬಳಿ ಒಂದು ಪದ ಉಂಟು. ಎರಡು ದಿನ ಹಾಡಿದರೆ ಗಂಟಲು ಕೂರುವುದು ಮಾಮೂಲು. (ಕೂರದಿದ್ದರೆ ಸರಿಯಾಗಿ ಹಾಡಿಲ್ಲ ಎಂದೇ ಊರವರ ಲೆಕ್ಕ.) ಮದ್ದೂ ಮಾಮೂಲು: ಕಾಳುಮೆಣಸು, ಕಲ್ಲುಸಕ್ಕರೆ. ಈ ಸಲ ಸೀಸನ್ ಮುಗಿದರೂ ದನಿ ಮರಳಲಿಲ್ಲ. "ಇನ್ನೊಂದಿಷ್ಟು ಮೆಣಸು ಕುಟ್ಟು" ಎಂದವರಲ್ಲಿ ನಾನೂ ಒಬ್ಬ.

ಆಮೇಲೆ ಬೆನ್ನುನೋವು ಶುರುವಾಯಿತು. ಮಗಳು ಸಾವಿತ್ರಿ ಹೊನ್ನಾವರದ ಡಾಕ್ಟರ ಬಳಿ ಕರೆದೊಯ್ದಳು. ಅವರು ಎದೆಯ ಎಕ್ಸ್‌ರೇ ನೋಡಿ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ನಮ್ಮ ಕಡೆ ದೊಡ್ಡ ಆಸ್ಪತ್ರೆ ಎಂದರೆ ಜಿಲ್ಲೆ ದಾಟಬೇಕು. ಪೇಪರಿನಲ್ಲಿ ಕೆಲಸ ಮಾಡಿದವನು ಜೊತೆಗಿದ್ದರೆ ಅನುಕೂಲ ಎಂದು ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು.

ಸಿಟಿ ಸ್ಕ್ಯಾನ್ ಹೇಳಿದ್ದು ಬೇರೆಯೇ ಕತೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎದೆಯೊಳಗೆ ಬಾಗುವಲ್ಲಿ ಬಲೂನಿನಂತೆ ಉಬ್ಬಿತ್ತು. ದನಿಯ ನರ ಅಲ್ಲೇ ಸುತ್ತಿಕೊಂಡು ಹೋಗುತ್ತದೆ. ಉಬ್ಬು ಅದನ್ನು ಒತ್ತಿತ್ತು. ಉಬ್ಬು ಒಡೆದರೆ? ಸರ್ಜನ್ ಚುಟುಕಾಗಿ ಹೇಳಿದರು: "ನಿಮ್ಮೂರಿಂದ ಇಲ್ಲಿಗೆ ಬರುವಷ್ಟು ಹೊತ್ತು ಸಿಗುವುದಿಲ್ಲ."

"ಕೊಯ್ಯದೇ ಸ್ಟೆಂಟ್ ಹಾಕ್ಲಿಕ್ಕೆ ಆಗೂದಿಲ್ವಾ?" ಸಾವಿತ್ರಿಯ ಪ್ರಶ್ನೆ.

ಬರೀ ಸ್ಟೆಂಟ್ ಹಾಕಿದರೆ, ಅದೇ ಬಾಗಿನಿಂದ ಮಿದುಳಿಗೆ ಹೋಗುವ ಕವಲುಗಳ ಬಾಯಿ ಮುಚ್ಚುತ್ತದೆ. ಪೂರ್ತಿ ತೆರೆದು ಮಾಡಿದರೆ, ಮೈ ತಣ್ಣಗಾಗಿಸಿ ರಕ್ತದ ಓಟವನ್ನೇ ಕೆಲಹೊತ್ತು ನಿಲ್ಲಿಸಬೇಕು. ಒಲೆಯ ಹೊಗೆ ಕುಡಿದ ನಾಗಮ್ಮನ ಶ್ವಾಸಕೋಶ ಅದನ್ನು ತಾಳುವುದು ಅನುಮಾನ. ಹಾಗಾದರೆ?

ಎರಡನ್ನೂ ಸೇರಿಸುವುದು! ಒಬ್ಬ ಸರ್ಜನ್ ಎದೆ ತೆರೆದು, ರಕ್ತದ ಓಟ ನಿಲ್ಲಿಸದೆಯೇ, ಕವಲುಗಳಿಗೆ ಬೇರೆ ದಾರಿ ಜೋಡಿಸುತ್ತಾರೆ. ಬಳಿಕ ಇನ್ನೊಬ್ಬರು ತೊಡೆಸಂದಿಯ ರಕ್ತನಾಳದ ಮೂಲಕ ಮಡಚಿದ ಕೊಳವೆಯೊಂದನ್ನು, ಅಂದರೆ ಸ್ಟೆಂಟನ್ನು, ಮೇಲಕ್ಕೆ ಕಳಿಸಿ ಉಬ್ಬಿನೊಳಗೆ ಬಿಚ್ಚುತ್ತಾರೆ. ರಕ್ತ ಕೊಳವೆಯಲ್ಲಿ ಹರಿಯುತ್ತದೆ. ಉಬ್ಬಿಗೆ ಒತ್ತಡ ತಪ್ಪುತ್ತದೆ.

ಪರರ ಉತ್ಪ್ರೇಕ್ಷೆಗೆ ಕತ್ತರಿ ಹಾಕಿಯೇ ಸಂಬಳ ಪಡೆದವನು ನಾನು. ಆದರೂ ಡಾಕ್ಟರು ಕಾಗದದ ಮೇಲೆ ಆ ಚಿತ್ರ ಬಿಡಿಸುವಾಗ ಕುರ್ಚಿಯ ತುದಿಗೆ ಬಂದಿದ್ದೆ. ಮನುಷ್ಯನ ಕೈ ಎಲ್ಲಿಯವರೆಗೆ ಹೋಗಿದೆ ನೋಡಿ!

ನಾಗಮ್ಮ ಮಾತ್ರ ಪಿಸುದನಿಯಲ್ಲಿ ನನ್ನನ್ನು ಕೇಳಿದಳು: "ತಮ್ಮಾ, ಒಬ್ರು ಪದ ಎತ್ತೂದು, ಇನ್ನೊಬ್ರು ಹಿಡ್ಕಂಬೂದು. ಹಂಗೇ ಅಲ್ದಾ? ಮಧ್ಯ ಬಿಟ್ಟೋಗ್ದಿದ್ರೆ ಆತು."

ಡಾಕ್ಟರು ನಕ್ಕರು. "ಅದಕ್ಕೇ ಅಮ್ಮಾ, ನಾವಿಬ್ಬರೂ ಒಂದೇ ಥಿಯೇಟರಿನಲ್ಲಿ ಇರುತ್ತೇವೆ." ಜೀವಕ್ಕೆ ಅಪಾಯ ಉಂಟು, ಪಾರ್ಶ್ವವಾಯು ಆಗಬಹುದು, ದನಿ ಬರುತ್ತದೆಂಬ ಭರವಸೆ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ನಾಗಮ್ಮ ಹೆಬ್ಬೆಟ್ಟು ಒತ್ತಿದಳು.

ಬೆಳಿಗ್ಗೆ ಒಳಗೆ ಹೋದವಳ ಸುದ್ದಿ ಬಂದದ್ದು ಇಳಿಹೊತ್ತಿಗೆ. ಎಲ್ಲ ಸರಿಯಾಗಿದೆ! ಮರುದಿನ ಐಸಿಯುವಿನಲ್ಲಿ ಕೈ ಎತ್ತು ಎಂದರೆ ಎತ್ತಿದಳು, ಕಾಲು ಆಡಿಸು ಎಂದರೆ ಆಡಿಸಿದಳು. ಕಾರಿಡಾರಿನಲ್ಲಿ ಸಾವಿತ್ರಿಗೂ ನನಗೂ ಕುಣಿಯುವುದೊಂದು ಬಾಕಿ.

ವಾರ್ಡಿಗೆ ಬಂದ ಮೇಲೂ ದನಿ ಗೊರಗೊರವೇ. ಸಾವಿತ್ರಿ ಅತ್ತೇಬಿಟ್ಟಳು. "ಅಬ್ಬೇ, ಇನ್ನು ಪದ ಹೇಳೂದು ಯಾರು?"

"ಎಂತಕೆ ಅಳೂದು? ಪದ ಎಲ್ಲ ತಲೇಲೇ ಉಂಟು. ನಾ ಹೇಳ್ತೆ, ನೀ ಹಾಡು. ಇಷ್ಟು ದಿನ ಕರದ್ರೆ ಮೊಬೈಲ್ ಹಿಡ್ಕಂಡೇ ಕೂತಿದ್ದೆ ಅಲ್ದಾ, ಮಾರಾಯ್ತಿ!"

ಈಗ ಅವರ ಜಗಲಿಯಲ್ಲಿ ದಿನಾ ಸಂಜೆ ಪಾಠ. ತಾಯಿ ಪಿಸುಗುಡುತ್ತಾಳೆ, ಮಗಳು ತಪ್ಪುತ್ತಾಳೆ, ಬೈಸಿಕೊಳ್ಳುತ್ತಾಳೆ, ಮತ್ತೆ ಹಾಡುತ್ತಾಳೆ.

ಅಲ್ಲ, ಹೆತ್ತವಳ ಹಾಡು ಕಲಿಯುವುದಕ್ಕೆ ಅವಳ ಎದೆಯ ರಕ್ತನಾಳ ಉಬ್ಬುವವರೆಗೆ ಕಾಯಬೇಕಿತ್ತೇ?