ಗಂಗಾಳದ ತಳದ ದಪ್ಪಕ್ಷರ

ನಮ್ಮ ಮೊಮ್ಮಗಳು ಸುಜಾತಾಳ ಮದುವೆ ಗೊತ್ತಾಯಿತು. ಹುಡುಗ ಯಡ್ರಾಮಿಯವನು, ಜೇವರ್ಗಿಯ ಸಾಲೆಯಲ್ಲಿ ಮಾಸ್ತರ. ನಿನ್ನೆ ಮುಂಜಾನೆ ಅವರ ಮನೆಯವರು ಅಫಜಲಪುರಕ್ಕೆ, ನನ್ನ ಮಗಳ ಮನೆಗೆ ಬಂದು ಹುಡುಗಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಸಕ್ಕರೆ ಹಂಚಿದರು. ನಾನಂತೂ ಸಕ್ಕರೆಯ ತಾಟು ಹಿಡಿದು ಓಣಿಯೆಲ್ಲ ತಿರುಗಿದೆ. ಒಂದೇ ಮನೆಗೆ ಎರಡು ಸಲ ಕೊಟ್ಟೆನಂತೆ. ಕೊಟ್ಟರೆ ಕೊಟ್ಟೆ, ಸಕ್ಕರೆ ತಾನೆ. ನನ್ನ ಮಗಳ ಮಗಳು ಮದುಮಗಳಾಗುತ್ತಾಳೆ, ಅದನ್ನು ನೋಡಲು ನನಗೆ ಕಣ್ಣಿವೆ, ಕಾಲಿವೆ. ಇನ್ನೇನು ಬೇಕು.

ಮೊಮ್ಮಗಳ ಮದುವೆ ಎಂದ ಕೂಡಲೆ ಅವಳ ತಾಯಿ ನೀಲಮ್ಮನ ಮದುವೆ ನೆನಪಾಗುತ್ತದೆ. ಅದು ನೆನಪಾದರೆ ಮೊದಲು ಬರುವುದು ಒಂದು ವಾಸನೆ. ಇಷ್ಟು ವರ್ಷವಾದರೂ ಆ ವಾಸನೆ ನನ್ನ ಮೂಗು ಬಿಟ್ಟಿಲ್ಲ. ಅದನ್ನು ಬರೆದುಬಿಡುತ್ತೇನೆ.

ಅದು ೧೯೭೪. ಆಳಂದದ ಬಜಾರದಲ್ಲಿ ನಮ್ಮದು ಕಂಚುಗಾರ ಕೆಲಸದ ಸಣ್ಣ ಅಂಗಡಿ. ನಮ್ಮ ಯಜಮಾನರು ಹಿತ್ತಾಳೆಯ ತಗಡು ಕಾಯಿಸಿ ಬಡಿದು ಗಂಗಾಳ ಮಾಡುವರು. ಗಂಗಾಳ ಎಂದರೆ ಅಂಚು ಮೇಲೆದ್ದ ಊಟದ ತಾಟು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಹೊಳಪು ತರುವುದು ನನ್ನ ಪಾಲು. ನಾನು ಮೂರನೇ ಇಯತ್ತೆಯ ತನಕ ಓದಿದವಳು. ಅವರಿಗೆ ಅದೂ ಇಲ್ಲ. ಹಾಗಾಗಿ ಪಾತ್ರೆಯ ಮೇಲೆ ಹೆಸರು ಹಾಕುವ ಕೆಲಸವೂ ನನಗೇ ಬಂತು. ಅಂಚಿನ ಹೊರಮೈಗೆ ಸುಣ್ಣದಲ್ಲಿ ಹೆಸರು ಬರೆದುಕೊಂಡು, ಮೊನೆಯುಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದ್ದೆ. ಚುಕ್ಕಿ ಅಕ್ಷರ ಸಣ್ಣದು, ತೆಳ್ಳಗಿನದು. ಪಾತ್ರೆ ಕಳೆದರೆ ಗುರುತು ಹಿಡಿಯಲು ಅಷ್ಟು ಸಾಕು.

ತೊಗರಿಯ ಅಡತಿ ಅಂಗಡಿ ಇಟ್ಟಿದ್ದ ಬಸಣ್ಣ ಸಾಹುಕಾರರಿಗೆ ಅಷ್ಟು ಸಾಕಾಗಲಿಲ್ಲ. ಓಣಿಯ ಮದುವೆ ಮುಂಜಿಗೆ ಪುಕ್ಕಟೆ ಕೊಡಲು ಇನ್ನೂರು ಗಂಗಾಳ ಮಾಡಿಸುವ ಹುಕಿ ಅವರಿಗೆ ಬಂದಿತ್ತು. ಒಳ್ಳೆಯ ಕೆಲಸವೇ. ಆದರೆ ಜೇಬಿನಿಂದ ಒಂದು ಸಿನಿಮಾದ ಕರಪತ್ರ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ಸಿನಿಮಾದ ಹೆಸರನ್ನು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

"ನನ್ನ ಹೆಸರು ಹಿಂಗ ಬರಬೇಕು, ಶಾಂತವ್ವ. ದಪ್ಪ. ದೂರದಿಂದ ಕಾಣಬೇಕು."

"ಅಂಚಿನ ಹಿಂದ ಇಷ್ಟು ದಪ್ಪ ಹಿಡಿಯಂಗಿಲ್ರಿ, ಸಾಹುಕಾರ್ರ."

"ಅಂಚಿನ ಹಿಂದ ಯಾರು ನೋಡ್ತಾರ? ಒಳಗ ಹಾಕು, ತಳದಾಗ. ಉಂಡು ಮುಗಿಸಿದಾಗ ಅನ್ನದ ಕೆಳಗಿಂದ ನನ್ನ ಹೆಸರು ಎದ್ದು ಬರಬೇಕು."

ಉಣ್ಣುವ ಜಾಗದಲ್ಲಿ ಅಕ್ಷರ ಬೇಡ, ಜಿಡ್ಡು ಹಿಡಿಯುತ್ತದೆ ಎಂದು ಯಜಮಾನರೂ ಹೇಳಿದರು. ಸಾಹುಕಾರರು ಕೇಳುವ ಆಸಾಮಿಯಲ್ಲ. ತಿಕ್ಕುವ ಆಳು ತಮ್ಮ ಮನೆಯಲ್ಲಿದ್ದಾರೆ, ನಿಮಗ್ಯಾಕೆ ಚಿಂತೆ ಎಂದರು.

ದಪ್ಪಕ್ಷರ ಮಾಡುವ ರೀತಿ ಹೀಗೆ. ಮೊದಲು ಅಕ್ಷರದ ಎರಡೂ ಬದಿಗೆ ಗೆರೆ ಕೊರೆಯಬೇಕು. ಆಮೇಲೆ ನಡುವಿನ ಲೋಹವನ್ನು ಮೊಂಡುಳಿಯಿಂದ ಬಡಿದು ಕೆಳಗಿಳಿಸಬೇಕು. ಅಂದರೆ ಅಕ್ಷರವೇ ಒಂದು ಹಳ್ಳವಾಗುತ್ತದೆ. ನಮ್ಮ ಕನ್ನಡದ ಅಕ್ಷರವೋ ದುಂಡಗಿನದು, ಒಳಗೆ ಬಯಲು ಇದ್ದರೆ ಚೆಂದ. ದಪ್ಪ ಮಾಡಿದಂತೆಲ್ಲ ಆ ಬಯಲು ಮುಚ್ಚಿತು. ಸಕಾರದ ಹೊಟ್ಟೆ ತುಂಬಿಕೊಂಡಿತು. ಣಕಾರದ ಒತ್ತು ಕೆಳಗೆ ಜಾಗ ಸಾಲದೆ ಕೊಕ್ಕೆಯ ಹಾಗೆ ಮಡಚಿ ಒಂದು ಗುಂಡಿಯೇ ಆಯಿತು. ಬಸಣ್ಣ ಎಂಬ ಹೆಸರು ಬಾವು ಬಂದ ಕಾಲಿನಂತೆ ತಳದ ತುಂಬ ಕೂತಿತು. ಒಂದೊಂದು ಗಂಗಾಳ ಮುಗಿಸುವಾಗಲೂ ನನಗೆ ಮುಖ ತಿರುಗಿಸಬೇಕೆನಿಸುತ್ತಿತ್ತು. ಸಾಹುಕಾರರು ಮಾತ್ರ ಒಂದನ್ನು ಕೈಯಲ್ಲಿ ಹಿಡಿದು ಬಜಾರದ ಉದ್ದಕ್ಕೂ ತೋರಿಸಿ ಬಂದರು.

ಅದೇ ಬೇಸಿಗೆಯಲ್ಲಿ ನೀಲಮ್ಮನ ಮದುವೆ. ಗಂಡು ಅಫಜಲಪುರದವನು. ಊಟಕ್ಕೆಂದು ನಾನು ಮನೆಮನೆಯಿಂದ ತಾಟು ಕೂಡಿಸಿ ಇಟ್ಟಿದ್ದೆ. ಸಾಹುಕಾರರು ಬಂದು ನೋಡಿ ಗದರಿದರು.

"ನನ್ನ ಗಂಗಾಳ ಇರೋವಾಗ ಮಂದಿ ಮನಿ ತಾಟಿನಾಗ ಬೀಗರಿಗೆ ಉಣಸ್ತೀರೇನು? ನನ್ನ ಇಜ್ಜತ್ ಏನಾತು? ಇವೆಲ್ಲಾ ವಾಪಸ್ ಕೊಟ್ಟು ಬರ್ರಿ."

ನಾವು ಹಿರೀಕರ ಮಾತು ಮೀರಲಿಲ್ಲ, ಕೊಟ್ಟು ಬಂದೆವು. ಗಂಗಾಳಗಳು ಮಾತ್ರ ನಮ್ಮ ಕೈಗೆ ಮೊದಲೇ ಬರಲಿಲ್ಲ. ಹಿಂದಿನ ದಿನ ಸಾಹುಕಾರರ ಸೊಸೆಯ ಕುಬಸದ, ಅಂದರೆ ಸೀಮಂತದ, ಊಟ ಇತ್ತು, ಅವು ಅಲ್ಲಿಗೆ ಹೋಗಿದ್ದವು. ಮದುವೆಯ ದಿನ ತಾಳಿ ಕಟ್ಟಿ, ಅಕ್ಕಿಕಾಳು ಬಿದ್ದು, ಬೀಗರು ಪಂಕ್ತಿಗೆ ಕೂಡುವ ಹೊತ್ತಿಗೆ ಬಂಡಿ ಬಂತು. "ತೊಳೆದೇ ತಂದೇವ್ರಿ" ಎಂದು ಆಳುಗಳು ಒಂದರ ಮೇಲೊಂದು ಪೇರಿಸಿದ್ದ ಗಂಗಾಳಗಳನ್ನು ಬಿಡಿಸಿ ಬಡಬಡ ಎಲ್ಲರ ಮುಂದೆ ಇಟ್ಟುಬಿಟ್ಟರು. ಬಿಸಿಲಿಗೆ ಬಂಡಿಯಲ್ಲಿ ಕೂತು ಬಂದ ಹಸಿ ಹಿತ್ತಾಳೆ. ಹುಳಿತ ವಾಸನೆಯೊಂದು ಚಪ್ಪರದ ಕೆಳಗೆ ತಿರುಗತೊಡಗಿತು.

ಮೊದಲ ಸಾಲಿನ ಮೊದಲ ಮಣೆ ಗಂಡಿನ ಅಜ್ಜಿ ಭೀಮಬಾಯಿಯದು. ಆಕೆ ಕೂತರೆ ಎಲ್ಲರೂ ಕೂಡಬೇಕು, ಆಕೆ ಎದ್ದರೆ ಎಲ್ಲರೂ ಏಳಬೇಕು, ಅಂಥ ಮನೆತನ. ಆಕೆ ಗಂಗಾಳಕ್ಕೆ ನೀರು ಚಿಮುಕಿಸಿ ರೂಢಿಯಂತೆ ಹೆಬ್ಬೆರಳಿನಿಂದ ತಳ ಉಜ್ಜಿದಳು. ಬೆರಳು ಣಕಾರದ ಒತ್ತಿನಲ್ಲಿ ಸಿಕ್ಕಿತು. ಎತ್ತಿ ನೋಡಿದಳು. ಉಗುರಿನ ತುದಿಗೆ ಹಿಂದಿನ ದಿನದ ಅನ್ನದ ಅಗುಳು, ಹುಳಿತು ನೂಲು ಬಿಡುತ್ತಿತ್ತು.

"ಇದು ಯಾರ ಎಂಜಲ ಬೇ?" ಎಂದು ನನ್ನನ್ನು ಕೇಳಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಪಕ್ಕದವಳೂ ತನ್ನ ಗಂಗಾಳ ಉಜ್ಜಿದಳು, ಅವಳ ಪಕ್ಕದವಳೂ. ಒಬ್ಬಳಿಗೆ ಹೂರಣದ ಕರಿ ಅಂಟು, ಒಬ್ಬಳಿಗೆ ಬದನೆಕಾಯಿಯ ಸಿಪ್ಪೆ, ಇನ್ನೊಬ್ಬಳಿಗೆ ಬೂದಿಯ ಜೊತೆ ಕಲಸಿದ ತುಪ್ಪ. ಸಾಲಿನುದ್ದಕ್ಕೂ ಹೆಬ್ಬೆರಳುಗಳು ಮೇಲೆದ್ದವು. ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ಓಕರಿಸಿದರು. ನಮ್ಮಲ್ಲಿ ಬಡತನ ತಡೆದುಕೊಂಡಾರು, ಎಂಜಲು ತಡೆದುಕೊಳ್ಳುವುದಿಲ್ಲ. ಉಣ್ಣದೆ ಬೀಗರು ಎದ್ದು ಹೋದರೆ ಮದುಮಗಳನ್ನು ಕರೆದುಕೊಂಡು ಹೋಗುವುದಿಲ್ಲ. ತಾಳಿ ಕಟ್ಟಿದ ಮಗಳು ತವರಲ್ಲೇ ಕೂಡಬೇಕಾಗುತ್ತಿತ್ತು.

ಸಾಹುಕಾರರು ಓಡಿ ಬಂದರು.

"ಎಂಜಲ ಅಲ್ಲವ್ವ, ಅಕ್ಷರದಾಗ ಸ್ವಲ್ಪ ಕುಂತದ ಅಷ್ಟ. ಅದು ನನ್ನ ಹೆಸರು."

"ನನಗ ಓದಾಕ ಬರಂಗಿಲ್ರಿ" ಎಂದಳು ಭೀಮಬಾಯಿ. "ನಿಮ್ಮ ಹೆಸರು ಹಿಂಗ ನಾರ್ತದ ಅಂತ ಈಗ ಗೊತ್ತಾತು."

"ನೋಡ್ರಿ, ನಾನೇ ಉಣ್ತೇನಿ, ಏನಾಗ್ತದ?" ಎಂದು ಸಾಹುಕಾರರು ಅಲ್ಲೇ ಕೂತು ಒಂದು ಗಂಗಾಳ ಎಳೆದುಕೊಂಡು ಪಲ್ಯ ಬಡಿಸಿಕೊಂಡರು. ಅವರನ್ನು ನೋಡಿ ಇನ್ನಿಬ್ಬರು ಓಕರಿಸಿದರು.

ಭೀಮಬಾಯಿ ಎಡಗೈ ನೆಲಕ್ಕೆ ಊರಿದಳು, ಏಳಲಿಕ್ಕೆ. ಆಗ ಒಳಗಿನಿಂದ ನೀಲಮ್ಮ ಬಂದಳು. ಹಣೆಗೆ ಬಾಸಿಂಗ, ಮೈತುಂಬ ಅರಿಷಿಣ. ಮದುಮಗಳು ಹಾಗೆ ಪಂಕ್ತಿಗೆ ಬರಬಾರದು. ರೊಟ್ಟಿಯ ಬುಟ್ಟಿಯಿಂದ ಒಂದು ಜೋಳದ ಗಟ್ಟಿ ಕಟಕರೊಟ್ಟಿ ತೆಗೆದು, ಅದರ ಮೇಲೆ ಪುಂಡಿಪಲ್ಯ, ಶೇಂಗಾದ ಹಿಂಡಿ ಇಟ್ಟು ಅಜ್ಜಿಯ ಮುಂದೆ ಬಗ್ಗಿದಳು.

"ಅಮ್ಮಾ, ಕೈ ಹಿಡೀರಿ. ಇದರಾಗ ಯಾರೂ ಉಂಡಿಲ್ಲ."

ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಎಲ್ಲರೂ ಹಾಗೆಯೇ ಉಣ್ಣುತ್ತಾರೆ, ರೊಟ್ಟಿಯೇ ತಾಟು. ಆದರೆ ಮದುವೆಯಲ್ಲಿ ಯಾರೂ ಉಂಡದ್ದಿಲ್ಲ. ಭೀಮಬಾಯಿ ರೊಟ್ಟಿ ನೋಡಿದಳು, ಹುಡುಗಿಯ ಮುಖ ನೋಡಿದಳು.

"ಸಾರು ಎಲ್ಲಿ ಹಾಕ್ತಿ? ನನ್ನ ಸೆರಗಿನಾಗ?"

"ಸಾರು ನಾಳೆ ನಿಮ್ಮ ಮನ್ಯಾಗ ಮಾಡಿ ಹಾಕ್ತೇನ್ರಿ."

ಭೀಮಬಾಯಿ ನೆಲಕ್ಕೆ ಊರಿದ್ದ ಕೈ ತೆಗೆದಳು. ಆಮೇಲೆ ಅಜ್ಜಿ ಅಂಗೈ ಚಾಚಿದಳು. "ಬಾಯಿ ಜೋರದ ಹುಡುಗಿದು" ಎಂದು ಪಕ್ಕದವಳಿಗೆ ಹೇಳಿ ರೊಟ್ಟಿ ಮುರಿದಳು. ಅಫಜಲಪುರದ ಪಂಕ್ತಿಯೆಲ್ಲ ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡು ಉಂಡಿತು. ಹೋಳಿಗೆಯನ್ನೂ ಹಾಗೇ ಕೈಯಲ್ಲಿ ತಿಂದರು, ತುಪ್ಪ ಮೊಣಕೈ ತನಕ ಸೋರಿತು. ನಡುವೆ ಸಾಹುಕಾರರೊಬ್ಬರೇ ತಮ್ಮ ಹೆಸರಿನ ಮೇಲೆ ಪಲ್ಯ ಕಲಸುತ್ತ ಕೂತಿದ್ದರು. ಸಂಜೆ ನೀಲಮ್ಮ ಬೀಗರ ಬಂಡಿ ಹತ್ತಿದಳು.

ವಾರದ ಮೇಲೆ ಗಂಗಾಳಗಳು ಅಂಗಡಿಗೆ ತಿರುಗಿ ಬಂದವು. ಹೆಸರು ಅಳಿಸಿ ಕೊಡಿ ಎಂದರು ಸಾಹುಕಾರರು. ಚುಕ್ಕಿ ಅಕ್ಷರವಾದರೆ ನಾಲ್ಕು ಸಲ ಸುತ್ತಿಗೆ ಆಡಿಸಿದರೆ ಕೂಡಿಕೊಳ್ಳುತ್ತದೆ. ದಪ್ಪಕ್ಷರ ಹಾಗಲ್ಲ. ಯಜಮಾನರು ಹಿಂಬದಿಯಿಂದ ಬಡಿದು ನೋಡಿದರು, ಹೆಸರು ಮೇಲೆ ಬಂದು ಉಬ್ಬಿ ಕೂತಿತು. ಇನ್ನೊಂದಿಷ್ಟು ಬಡಿದರೆ ತಳವೇ ಸೀಳಿತು. ಕೊನೆಗೆ ಎಲ್ಲವನ್ನೂ ಕರಗಿಸಿದೆವು. ಕರಗಿಸುವ ಮೊದಲು ಒಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಮೂಸೆಯಿಂದ ಹೊಗೆ ಏಳುತ್ತದೆ. ತೊಳೆದವಳು ನಾನು. ಜಾಲಿ ಮುಳ್ಳಿನಿಂದ ಒಂದೊಂದು ಅಕ್ಷರ ಕೆರೆದೆ. ಬಂದದ್ದು ಏನೆಂದು ಬರೆಯುವುದಿಲ್ಲ, ಓದುವವರು ಉಣ್ಣಬೇಕಲ್ಲ. ಆಮೇಲೆ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ನಿನ್ನೆ ಬೀಗರು ಕುಂಕುಮ ಹಚ್ಚಿ ಮುಗಿಸಿದ ಮೇಲೆ, ಸುಜಾತಾಳ ಅಣ್ಣ, ಗುಲಬರ್ಗಾದ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವವನು, ಒಂದು ಹಾಳೆ ತಂದು ತೋರಿಸಿದ. ಮದುವೆಗೆ ಬಂದವರಿಗೆ ಕೈಬಡಿತದ ಹಿತ್ತಾಳೆ ಬಟ್ಟಲು ಕೊಡಬೇಕಂತೆ, ಒಳಗೆ ಗಂಡು ಹೆಣ್ಣಿನ ಹೆಸರು ಬೇಕಂತೆ. "ಬೋಲ್ಡ್ ಫಾಂಟ್ ಅಜ್ಜಿ, ಭಾಳ ಪಸಂದ್ ಕಾಣ್ತದ" ಎಂದ. ಅಕ್ಷರಗಳು ಕಾಗದದ ಮೇಲೆ ಚೆಂದವೇ ಇದ್ದವು. ಕಾಗದವನ್ನು ಯಾರೂ ತೊಳೆಯುವುದಿಲ್ಲವಲ್ಲ. ಕೈಯಿಂದ ಮಾಡಿದ ವಸ್ತು ಕೈಯಿಂದಲೇ ಬಳಕೆಯಾಗುತ್ತದೆ, ಕೈಯಿಂದಲೇ ತೊಳೆಯಬೇಕಾಗುತ್ತದೆ. ಅದರ ಮೇಲೆ ಅಕ್ಷರ ಹಾಕುವವರು, ತೆಳುವೋ ದಪ್ಪವೋ ಎಂದು ಕೇಳುವ ಮೊದಲು, ಅದನ್ನು ನಾಳೆ ತಿಕ್ಕುವವರ ಉಗುರು ಅಲ್ಲಿಗೆ ಮುಟ್ಟೀತೇ ಎಂದು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅವನಿಗೂ ಇದನ್ನೇ ಹೇಳಿದೆ. ಹೊರಗೆ ಅಂಚಿಗೆ, ಸಣ್ಣದಾಗಿ ಎಂದು ಒಪ್ಪಿಕೊಂಡ. ಪೂರ್ತಿ ಮನಸ್ಸಿನಿಂದಲ್ಲ, ಮುಖ ಹೇಳುತ್ತಿತ್ತು.

ಸಂಜೆ ಎಲ್ಲರೂ ಕೂಡಿ ಊಟಕ್ಕೆ ಕೂತೆವು. ಯಡ್ರಾಮಿಯ ಬೀಗರನ್ನು ಹೋಗಗೊಡಲಿಲ್ಲ. ನೀಲಮ್ಮ ಬಡಿಸಿದಳು, ಅಳಿಯ ಬಡಿಸಿದ, ಕೊನೆಗೆ ಅವರನ್ನೂ ಎಳೆದು ಕೂಡಿಸಿದೆವು. ನಮ್ಮ ಯಜಮಾನರಿಗೆ ಜೀವಮಾನವಿಡೀ ಹಿತ್ತಾಳೆ ಬಡಿದು ಕಿವಿ ಹೋಗಿದೆ. ಹೋಳಿಗೆ ಮುರಿಯುತ್ತ ನನ್ನ ಕಡೆ ತಿರುಗಿ, "ಏನಂತ, ಹುಡುಗನ ಮನಿಯವ್ರು ಒಪ್ಪಿದ್ರೇನು?" ಎಂದು ಕೇಳಿದರು. ಅದು ಮುಂಜಾನೆಯಿಂದ ಎಷ್ಟನೆಯ ಸಲವೋ. ಈ ಸಲ ಹುಡುಗನ ಮನೆಯವರೇ, ಬಾಯಿತುಂಬ ಹೋಳಿಗೆ ಇಟ್ಟುಕೊಂಡು, ಒಟ್ಟಿಗೆ ಕೂಗಿ ಹೇಳಿದರು: "ಒಪ್ಪೇವ್ರಿ, ಉಣ್ರಿ."