ಲಾಸ್ಟ್ ಬೆಂಚಿನ ಡ್ರೈವರಣ್ಣ

ಹನ್ನೊಂದು ವರ್ಷ ಡ್ರೈವರಣ್ಣ ತನ್ನ ವ್ಯಾನನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತಿದ್ದ. ಹೈಸ್ಕೂಲಿನ ಹಿಂಗೋಡೆಯ ನೆರಳು, ಹತ್ತನೇ ತರಗತಿಯ ಕಿಟಕಿಯ ಕೆಳಗೆ. ಬೆಳಿಗ್ಗೆ ಎಂಟೂವರೆಗೆ ಮಕ್ಕಳನ್ನು ಇಳಿಸಿದರೆ ಮತ್ತೆ ಹತ್ತಿಸಿಕೊಳ್ಳುವುದು ಮಧ್ಯಾಹ್ನ ಮೂರೂವರೆಗೆ. ನಡುವಿನ ಏಳು ಗಂಟೆಯಲ್ಲಿ ಗಾಜು ಒರೆಸುತ್ತಿದ್ದ, ಟೈರು ಒತ್ತಿ ನೋಡುತ್ತಿದ್ದ, ಎತ್ತಿ ಎಳೆದರಷ್ಟೇ ಮುಚ್ಚಿಕೊಳ್ಳುವ ಪಕ್ಕದ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದ, ಆಮೇಲೆ ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಕಣ್ಣಿಗಾದರೆ ರೆಪ್ಪೆ ಇದೆ, ಕಿವಿಗೆ ಎಲ್ಲಿದೆ? ಕಿಟಕಿಯಿಂದ ಪಾಠ ಇಳಿದು ಬರುತ್ತಲೇ ಇರುತ್ತಿತ್ತು. ಲೆಕ್ಕದ ಮೇಡಂ ಯಾವ ತಿಂಗಳು ಯಾವ ಪಾಠ ತೆಗೆಯುತ್ತಾರೆ, ತ್ರಿಕೋನದ ಪಾಠದಲ್ಲಿ ಯಾವ ಹಳೇ ಜೋಕು ಹೇಳುತ್ತಾರೆ, ಅದಕ್ಕೆ ಎಷ್ಟು ಜನ ಮುಲಾಜಿಗೆ ನಗುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು.

ಅದೇ ಕೋಣೆಯಲ್ಲಿ ಒಂದು ಕಾಲಕ್ಕೆ ಅವನೂ ಕೂತಿದ್ದವನೇ. ಲೆಕ್ಕ ಅವನ ಪಾಲಿಗೆ ಕಬ್ಬಿಣದ ಕಡಲೆ. ಎರಡು ಸಲ ಪರೀಕ್ಷೆ ಕಟ್ಟಿ, ಎರಡು ಸಲವೂ ಅದೊಂದರಲ್ಲೇ ಮಣ್ಣು ಮುಕ್ಕಿದ. ಅಪ್ಪ ಲಾರಿ ಓಡಿಸುತ್ತಿದ್ದವರು. "ಸಾಕು ಮಾರಾಯ, ಪುಸ್ತಕಕ್ಕೂ ನಿಂಗೂ ಆಗಿಬರಲ್ಲ" ಎಂದು ಸ್ಟಿಯರಿಂಗ್ ಹಿಡಿಸಿದರು. ಈಗ ಅವನಿಗೆ ನಲವತ್ತನಾಲ್ಕು. ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ, ಒಬ್ಬಳೇ ಮಗಳು. ಆ ವರ್ಷ ಮಗಳು ಹತ್ತನೇ ತರಗತಿಗೆ ಬಂದಳು, ಅದೇ ಕಿಟಕಿಯ ಪಕ್ಕದ ಬೆಂಚಿಗೆ.

ಶಾಲೆ ಶುರುವಾಗಿ ಒಂದು ತಿಂಗಳಾಗಿರಬೇಕು. ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಒಂದು ಗಾಡಿ ಅರವತ್ತು ಕಿಲೋಮೀಟರ್ ದೂರದ ಊರಿಗೆ ಗಂಟೆಗೆ ಮೂವತ್ತರ ವೇಗದಲ್ಲಿ ಹೋಗಿ, ಅರವತ್ತರ ವೇಗದಲ್ಲಿ ವಾಪಸ್ ಬಂದರೆ ಸರಾಸರಿ ವೇಗ ಎಷ್ಟು?

"ನಲವತ್ತೈದು!" ಇಡೀ ತರಗತಿ ಒಂದೇ ಗಂಟಲಲ್ಲಿ ಕೂಗಿತು.

"ತಪ್ಪು," ಅಂದರು ಮೇಡಂ. "ಇನ್ಯಾರು?"

ಆಗ ಕಿಟಕಿಯಾಚೆ ನೆಲದ ಮಟ್ಟದಿಂದ ಒಂದು ದನಿ ಗೊಣಗಿತು: "ನಲವತ್ತು ಕಣ್ರೋ. ಹೋಗೋಕೆ ಎರಡು ಗಂಟೆ, ಬರೋಕೆ ಒಂದು. ಮೂರು ಗಂಟೇಲಿ ನೂರಿಪ್ಪತ್ತು."

ತರಗತಿ ಘೊಳ್ಳೆಂದಿತು. ಮಗಳು ಬೆಂಚಿನ ಮೇಲೆ ತಲೆ ಹುದುಗಿಸಿಬಿಟ್ಟಳು. ಮೇಡಂ ಕಿಟಕಿಗೆ ಬಂದು ಬಗ್ಗಿ ನೋಡಿದರೆ, ವ್ಯಾನಿನಡಿಯಿಂದ ಎರಡು ಕಾಲು, ಒಂದು ಸ್ಪ್ಯಾನರ್ ಕಾಣಿಸಿದವು.

"ಯಾರ್ರೀ ಅದು?"

ಡ್ರೈವರಣ್ಣ ತೆವಳಿಕೊಂಡು ಹೊರಬಂದ. "ತಪ್ಪಾಯ್ತು ಮೇಡಂ. ಬಾಯಿ ತಪ್ಪಿ ಬಂತು."

"ತಪ್ಪೆಲ್ಲಿ ಆಯ್ತು? ಸರಿಯಾಗಿದೆಯಲ್ಲ, ಅದೇ ನನ್ನ ತಲೆನೋವು. ಇಪ್ಪತ್ತೆಂಟು ಮಕ್ಕಳಿಗೆ ಬರದೇ ಇದ್ದದ್ದು ನಿಮಗೆ ಹೇಗೆ ಬಂತು?"

"ಮೇಡಂ, ದಿನಾ ಓಡಿಸೋನು ನಾನು. ನಿಧಾನಕ್ಕೆ ಹೋದ ದಾರೀಲೇ ಅಲ್ವಾ ಹೆಚ್ಚು ಹೊತ್ತು ಇರೋದು?"

ಆ ಸಂಜೆ ಮಗಳು ಎಂದಿನಂತೆ ಮುಂದಿನ ಸೀಟಿಗೆ ಬರಲಿಲ್ಲ, ಹಿಂದೆ ಹೋಗಿ ಕೂತಳು. ಎಲ್ಲ ಮಕ್ಕಳೂ ಇಳಿದ ಮೇಲೆ ಬಾಯಿಬಿಟ್ಟಳು: "ಅಪ್ಪಾ, ನಾಳೆಯಿಂದ ವ್ಯಾನು ಬೇರೆ ಕಡೆ ನಿಲ್ಸು."

ಅವನು ಹೂಂ ಅಂದ. ಮರುದಿನದಿಂದ ಗೇಟಿನಾಚೆ ಬಿಸಿಲಲ್ಲಿ ನಿಲ್ಲಿಸಿದ. ಒಂದು ವಾರ ವ್ಯಾನಿನ ತಗಡು ಹಂಚಿನಂತೆ ಕಾದಿತು. ಮನೆಗೆ ಬಂದರೆ ಮುಖ ಕೆಂಪು. ಹೆಂಡತಿಯ ಕಣ್ಣು ಸೂಜಿಗೆ ದಾರ ಪೋಣಿಸುವ ಕಣ್ಣು, ಅದರಿಂದ ಏನು ತಪ್ಪಿಸಿಕೊಳ್ಳುತ್ತದೆ? ಅವಳು ಗಂಡನನ್ನು ಕೇಳಲಿಲ್ಲ. ಭಾನುವಾರ ಮಗಳನ್ನು ಕರೆದು, ಬೀರುವಿನಲ್ಲಿ ಸೀರೆಗಳ ಅಡಿಯಿಂದ ಒಂದು ಮಡಿಸಿದ ಕಾಗದ ತೆಗೆದು ಕೈಗಿಟ್ಟಳು.

ಅಪ್ಪನ ಹಳೆಯ ಅಂಕಪಟ್ಟಿ. ಎಲ್ಲದರಲ್ಲೂ ಪಾಸು. ಲೆಕ್ಕ, ಇಪ್ಪತ್ತೊಂಬತ್ತು. ಪಾಸಾಗಲು ಬೇಕಿದ್ದದ್ದು ಮೂವತ್ತೈದು.

"ಆರೇ ಆರು ಮಾರ್ಕ್ಸಾ ಅಮ್ಮಾ?"

"ಆರೇ ಆರು. ಇಪ್ಪತ್ತಾರು ವರ್ಷದಿಂದ ಎತ್ತಿಟ್ಟಿದಾರೆ. ಬಿಸಾಕಿ ಅಂದ್ರೆ, ಇರ್ಲಿ ಬಿಡೇ ಅಂತಾರೆ. ಕಿಟಕಿ ಕೆಳಗೆ ಅವರು ಯಾಕೆ ನಿಲ್ಸ್ತಿದ್ರು ಅಂದ್ಕೊಂಡಿದ್ದೀಯ, ನೆರಳಿಗಾ?"

ಸೋಮವಾರ ಬೆಳಿಗ್ಗೆ ಮಗಳು ಮುಂದಿನ ಸೀಟಿಗೆ ಬಂದು ಕೂತಳು. ಶಾಲೆ ಹತ್ತಿರವಾದಾಗ, "ಅಪ್ಪಾ, ಹಳೇ ಜಾಗದಲ್ಲೇ ನಿಲ್ಸು," ಅಂದಳು. "ನಿಲ್ಸಿ ಒಳಗೆ ಬಾ. ನಿನ್ನೆ ಮೇಡಂ ಮನೆಗೇ ಹೋಗಿ ಮಾತಾಡಿದೀನಿ. ಖಾಸಗಿಯಾಗಿ ಪರೀಕ್ಷೆ ಕಟ್ಬಹುದಂತೆ. ಅವರ ಹತ್ರಾನೇ ಅರ್ಜಿ ತಂದಿದೀನಿ, ಸಹಿ ಹಾಕಿದ್ರೆ ಸಾಕು. ಆದ್ರೆ ಹಳೇ ಮಾರ್ಕ್ಸು ಲೆಕ್ಕಕ್ಕಿಲ್ಲ, ಆರೂ ವಿಷಯ ಬರೀಬೇಕು."

"ಹುಚ್ಚೇನೇ ನಿಂಗೆ? ಊರು ನಗುತ್ತೆ."

"ನಗ್ಲಿ. ನಾನು ಒಂದು ವಾರ ಮುಖ ಗಂಟು ಹಾಕ್ಕೊಂಡು ನೋಡಿದೆ. ನಗೋದೇ ವಾಸಿ."

ಹೆಡ್‌ಮಾಸ್ತರರು ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲಾಗದು ಅಂದರು. ಕೂತು ಕೇಳಲಿ, ಅದಕ್ಕೆ ಯಾವ ಕಾನೂನೂ ಅಡ್ಡಬರದು ಅಂದರು. ಹೀಗೆ ಡ್ರೈವರಣ್ಣ ಬಾಗಿಲ ಪಕ್ಕದ ಲಾಸ್ಟ್ ಬೆಂಚಿನಲ್ಲಿ ಕೂತ. ಮೊಣಕಾಲು ಬೆಂಚಿನಡಿ ಹಿಡಿಸದೆ ಒಂದು ಕಾಲನ್ನು ಸದಾ ಹೊರಗೆ ಚಾಚಿರುತ್ತಿದ್ದ. ಬ್ರೇಕ್ ಮೇಲೆ ಕಾಲಿಟ್ಟ ಹಾಗೆ ಎಂದು ಹುಡುಗರು ನಗುತ್ತಿದ್ದರು.

ಊರಂತೂ ನಕ್ಕಿತು. ಟೀ ಅಂಗಡಿಯವನು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಪ್ಪಾ?" ಎಂದು ಕೇಳಿದ. "ಬಗ್ಗದಿದ್ರೂ ನೆರಳಾದ್ರೂ ಕೊಡುತ್ತಲ್ಲ ಬಿಡಿ," ಅಂದ ಇವನು. ಬಾಯಲ್ಲಿ ಹಾಗಂದರೂ ಮೊದಲ ತಿಂಗಳು ನಾಚಿಕೆ ಬೆನ್ನಿಗಂಟಿಕೊಂಡೇ ಇತ್ತು. ಒಂದು ದಿನ ಮನೆಗೆಲಸ ಮಾಡಿಲ್ಲವೆಂದು ಭಾಷೆಯ ಮೇಷ್ಟ್ರು ಅವನನ್ನು ನಿಲ್ಲಿಸಿಯೇಬಿಟ್ಟರು. ತಲೆಯ ಅರ್ಧ ಕೂದಲು ನರೆತ ಗಂಡಸು ಗೋಡೆಗೆ ಮುಖ ಮಾಡಿ ನಿಂತ. ಆಗ ಎದ್ದು ಬಂದು ಅವನ ಪಕ್ಕ ನಿಂತವಳು ತರಗತಿಯ ಮಾನಿಟರ್, ಎಲ್ಲರೂ 'ಉದ್ದಕ್ಕ' ಎಂದು ಕರೆಯುವ ಹುಡುಗಿ. "ನಾನೂ ಮಾಡಿಲ್ಲ ಸಾರ್." ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಐವರು. ಮೇಷ್ಟ್ರಿಗೆ ಕೊನೆಗೆ ಪಾಠ ಮಾಡಲು ಬೆಂಚುಗಳಷ್ಟೇ ಉಳಿದವು.

ಲೆಕ್ಕ ಅವನಿಗೆ ಒಲಿಯಿತು. ಹನ್ನೊಂದು ವರ್ಷ ಕಿವಿಯಲ್ಲಿ ಬಿದ್ದದ್ದು ಈಗ ಕೈಗಿಳಿಯಿತು, ಅಷ್ಟೆ. ಕೈಕೊಟ್ಟದ್ದು ಚರಿತ್ರೆ. ಇಸವಿಗಳು ತಲೆಯಲ್ಲಿ ನಿಲ್ಲಲೊಲ್ಲವು. ಅದಕ್ಕೂ ಅವನೇ ದಾರಿ ಕಂಡುಕೊಂಡ. ಊರಿನ ಗಾಡಿಗಳ ನಂಬರೆಲ್ಲ ಅವನ ನಾಲಿಗೆ ತುದಿಯಲ್ಲಿದ್ದವು.

"ಫ್ರಾನ್ಸಿನ ಕ್ರಾಂತಿ?" ವ್ಯಾನಿನಲ್ಲಿ ಮಗಳು ಕೇಳುತ್ತಿದ್ದಳು.

"ಹಲ್ಲಿನ ಡಾಕ್ಟರ ಕಾರು. ಸಾವಿರದ ಏಳುನೂರ ಎಂಬತ್ತೊಂಬತ್ತು. ಇವರು ಹಲ್ಲು ಕೀಳ್ತಾರೆ, ಅವರು ತಲೇನೇ ತೆಗೆದ್ರು."

"ಮೊದಲ ಮಹಾಯುದ್ಧ?"

"ಹೆಡ್‌ಮಾಸ್ತರ ಸ್ಕೂಟರು, ಹತ್ತೊಂಬತ್ತು ಹದಿನಾಲ್ಕು. ಅದನ್ನ ಸ್ಟಾರ್ಟ್ ಮಾಡೋದು ನೋಡಿಲ್ವಾ? ಮಹಾಯುದ್ಧವೇ."

ವ್ಯಾನು ಪೂರ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಎರಡೇ ತಿಂಗಳಲ್ಲಿ ತರಗತಿಯ ಇಪ್ಪತ್ತೆಂಟು ಮಕ್ಕಳಿಗೂ ಜಗತ್ತಿನ ಚರಿತ್ರೆ ಊರಿನ ರಸ್ತೆಗಳ ಮೇಲೆ ಓಡಾಡತೊಡಗಿತು. ದಡ್ಡ ಎಂದು ಮೂಲೆಗೆ ತಳ್ಳಿಸಿಕೊಂಡಿದ್ದವರೂ ದಾರಿಯಲ್ಲಿ ಗಾಡಿ ಕಂಡರೆ ಯುದ್ಧ, ಒಪ್ಪಂದ ಎಂದು ಕೂಗುತ್ತಿದ್ದರು.

ಪರೀಕ್ಷೆಯ ಕೇಂದ್ರ ಹದಿನಾಲ್ಕು ಕಿಲೋಮೀಟರ್ ದೂರದ ದೊಡ್ಡ ಊರಿನಲ್ಲಿ. ಲೆಕ್ಕದ ಪರೀಕ್ಷೆಯ ದಿನ ವ್ಯಾನಿನಲ್ಲಿ ಅವನೂ ಸೇರಿ ಹತ್ತು ಪರೀಕ್ಷಾರ್ಥಿಗಳು. ಅರ್ಧ ದಾರಿಯಲ್ಲಿ ಟಪ್ಪೆಂದು ಸದ್ದಾಯಿತು. ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಂಡಿತು. ವೈರು ತುಂಡಾಗಿತ್ತು. ವ್ಯಾನು ಮುಗ್ಗರಿಸಿ ನಿಂತಿತು.

ಒಬ್ಬಳು ಅಳಲು ಶುರುಮಾಡಿದಳು. ಇನ್ನೊಬ್ಬ ಇಳಿದು ಓಡೋಣ ಅಂದ. ಪರೀಕ್ಷೆಗೆ ಇನ್ನು ಅರ್ಧ ಗಂಟೆ. ಇಪ್ಪತ್ತಾರು ವರ್ಷದ ನಂತರವೂ ಈ ಲೆಕ್ಕ ತನ್ನ ಹಣೆಯಲ್ಲಿ ಬರೆದಿಲ್ಲವೇನೋ ಎಂದು ಡ್ರೈವರಣ್ಣನಿಗೆ ಒಂದು ಗಳಿಗೆ ಅನಿಸಿತು. ಆದರೆ ಕನ್ನಡಿಯಲ್ಲಿ ಒಂಬತ್ತು ಮುಖಗಳು ಅವನನ್ನೇ ನೋಡುತ್ತಿದ್ದವು.

"ಎಲ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ," ಅಂದ. "ಕ್ಲಚ್ ಇಲ್ದೇನೂ ಓಡಿಸಬಹುದು. ಆದ್ರೆ ಎಲ್ಲೂ ನಿಲ್ಸಂಗಿಲ್ಲ. ದಾರಿ ಬಿಡ್ಸೋದು ನಿಮ್ಮ ಕೆಲಸ."

ಮೊದಲ ಗೇರಿಗೆ ಹಾಕಿಯೇ ಕೀ ತಿರುಗಿಸಿದ. ವ್ಯಾನು ಕುಪ್ಪಳಿಸಿ, ಕೆಮ್ಮಿ, ಹೊರಟಿತು. ಎಂಜಿನ್ನಿನ ದನಿ ಕೇಳುತ್ತಾ, ಅದು ಹದಕ್ಕೆ ಬಂದ ಕ್ಷಣದಲ್ಲೇ ಬೆರಳ ತುದಿಯಿಂದ ಎರಡನೇ ಗೇರು, ಆಮೇಲೆ ಮೂರನೇದು. ಮಾರುಕಟ್ಟೆ ರಸ್ತೆ ಬಂತು. ಒಂಬತ್ತು ತಲೆಗಳು ಕಿಟಕಿಗಳಿಂದ ಆಚೆ ಬಂದವು. "ದಾರಿ ಬಿಡ್ರೀ! ಪರೀಕ್ಷೆ! ಬ್ರೇಕಿದೆ, ಕ್ಲಚ್ಚಿಲ್ಲ!" ತರಕಾರಿ ಗಾಡಿಗಳು ಸರಿದವು, ಸೈಕಲ್ಲುಗಳು ಚರಂಡಿ ಕಡೆ ಹಾರಿದವು. ನಡುರಸ್ತೆಯಲ್ಲಿ ನಿಂತು ಮಾತಾಡುತ್ತಿದ್ದ ಇಬ್ಬರು ಮಾತು ಮುಗಿಸದೆಯೇ ಓಡಿದರು. ಎಂಟು ನಿಮಿಷ ಉಳಿದಿರುವಂತೆ ವ್ಯಾನು ಕೇಂದ್ರದ ಗೇಟಿನ ಮುಂದೆ ಕೊನೆಯ ಸಲ ಮುಗ್ಗರಿಸಿ ನಿಂತಿತು.

ಒಳಗೆ ಹೋಗಿ ಕೂತ. ಮೊದಲ ಪ್ರಶ್ನೆ ಓದಿದ. ಗೊತ್ತಿತ್ತು. ಎರಡನೇದೂ ಗೊತ್ತಿತ್ತು. ಮೂರನೇದಕ್ಕೆ ಬರುವ ಹೊತ್ತಿಗೆ ಕ್ಲಚ್ಚು ಮರೆತೇ ಹೋಗಿತ್ತು.

ಫಲಿತಾಂಶ ಬಂದ ದಿನ ಸೂಚನಾ ಫಲಕದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಪಾಸು, ಆ ಶಾಲೆ ಕಟ್ಟಿದ ಮೇಲೆ ಮೊದಲ ಸಲ. ಖಾಸಗಿಯವರ ಪಟ್ಟಿ ಪ್ರತ್ಯೇಕವಾಗಿ, ಕೆಳಗೆ ಅಂಟಿಸಿತ್ತು. ಡ್ರೈವರಣ್ಣ ಹಿಂದೆಯೇ ನಿಂತಿದ್ದ. ಮಗಳು ಬಗ್ಗಿ ಓದಿ, ಗುಂಪನ್ನು ಸೀಳಿಕೊಂಡು ಬಂದಳು.

"ಭಾಷೇಲಿ ಮೂವತ್ತಾರು. ಅಂಚಲ್ಲಿ ಪಾರಾಗಿದೀಯ."

"ಲೆಕ್ಕ?"

"ಎಪ್ಪತ್ತೆಂಟು." ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. "ನಂದು ಎಪ್ಪತ್ನಾಲ್ಕು. ಅಪ್ಪಾ, ನಾಲ್ಕು ಮಾರ್ಕ್ಸ್ ಜಾಸ್ತಿ ತಗೊಂಡು ನನ್ ಮಾನ ಕಳೆದ್ಯಲ್ಲೋ!"

ಅವನು ಗೋಡೆಗೆ ಒರಗಿ ನಿಂತ.

ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ಕುರ್ಚಿಗಳು ಸಾಲದೆ ಬೆಂಚುಗಳನ್ನೂ ತಂದು ಹಾಕಿದ್ದರು. ಹೆಂಡತಿ ಎರಡು ದಿನ ಕೂತು ಹೊಲಿದ ಹೊಸ ಅಂಗಿ ತೊಟ್ಟು ಡ್ರೈವರಣ್ಣ ಮಕ್ಕಳ ಸಾಲಿನಲ್ಲಿ ಕೂತಿದ್ದ. ಹೆಂಡತಿ ಪೋಷಕರ ಸಾಲಿನಿಂದ ಕಾಲರು ಸರಿ ಕೂತಿದೆಯಾ ಎಂದು ಇಣುಕುತ್ತಿದ್ದಳು. ಪ್ರಮಾಣಪತ್ರ ಕೊಡುವ ಮೊದಲು ಮಕ್ಕಳು ಒಬ್ಬೊಬ್ಬರಾಗಿ ಎದ್ದು ಕಳೆದ ವರ್ಷಗಳನ್ನು ನೆನೆದರು. ಒಬ್ಬ ಕಿಟಕಿ ಗಾಜು ಒಡೆದದ್ದು ತಾನೇ ಎಂದು ಎರಡು ವರ್ಷದ ನಂತರ ಒಪ್ಪಿಕೊಂಡ. ಉದ್ದಕ್ಕ ಮೇಡಂ ಅವರ ತ್ರಿಕೋನದ ಜೋಕನ್ನು ಅವರದೇ ದನಿಯಲ್ಲಿ ಹೇಳಿದಳು, ಈ ಸಲ ಎಲ್ಲರೂ ಮನಸಾರೆ ನಕ್ಕರು, ಮೇಡಂ ಎಲ್ಲರಿಗಿಂತ ಜೋರಾಗಿ. ಕೊನೆಗೆ ಮಗಳು ಎದ್ದಳು.

"ನನ್ನ ಕ್ಲಾಸಲ್ಲಿ ಒಬ್ರು ಇದಾರೆ. ಅವರನ್ನ ಕಂಡು ನಾನು ಒಂದು ವಾರ ನಾಚಿಕೆ ಪಟ್ಟಿದ್ದೆ. ಆಮೇಲೆ ಆ ವಾರಕ್ಕೇ ಒಂದು ವರ್ಷ ನಾಚಿಕೆ ಪಟ್ಟೆ. ಪರೀಕ್ಷೆಗೆ ಹೋಗ್ತಾ ನಾವೆಲ್ಲ ಅಳ್ತಿದ್ದಾಗ ಅವರು ಒಬ್ರೇ ಅಳಲಿಲ್ಲ. ಅವರದ್ದೂ ಅದೇ ಪರೀಕ್ಷೆ ಅನ್ನೋದು ನಮಗೆ ನೆನಪೇ ಇರ್ಲಿಲ್ಲ. ಇವತ್ತು ನಾವೆಲ್ಲ ಬೇರೆ ಬೇರೆ ಕಡೆ ಹೋಗ್ತೀವಿ. ಉಳಿದವರಿಗೆಲ್ಲ ಹೋಗಿಬರ್ತೀನಿ ಅಂತ ಹೇಳ್ಬೇಕು. ನಂಗೆ ಮಾತ್ರ ಒಬ್ಬ ಕ್ಲಾಸ್‌ಮೇಟ್ ಮನೇಗೂ ಬರ್ತಾರೆ. ನನ್ನಷ್ಟು ಅದೃಷ್ಟ ಯಾರಿಗಿದೆ?"

ಚಪ್ಪಾಳೆಗೆ ಕಿಟಕಿ ಗಾಜುಗಳು ಅದುರಿದವು. ಟೀ ಅಂಗಡಿಯವನು ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ಬಡಿಯುತ್ತಿದ್ದ. ಹೆಡ್‌ಮಾಸ್ತರರು ಇಪ್ಪತ್ತೊಂಬತ್ತನೇ ಪ್ರಮಾಣಪತ್ರ ಕೈಗೆತ್ತಿಕೊಂಡರು. ಲೆಕ್ಕದ ಮೇಡಂ ಅದನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ವೇದಿಕೆಯ ಮೆಟ್ಟಿಲಿಳಿದು ಬಂದರು.

"ಮಾತಾಡಿ," ಅಂದರು.

ಡ್ರೈವರಣ್ಣ ಮೈಕಿನ ಮುಂದೆ ನಿಂತ. ಊರಿನ ಮುಕ್ಕಾಲು ಪಾಲು ಮಕ್ಕಳನ್ನು ಹೊತ್ತು ತಿರುಗಿದವನು, ಅಷ್ಟು ಕಣ್ಣುಗಳನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಕನ್ನಡಿಯಲ್ಲಿ ನೋಡಿಯೇ ರೂಢಿ.

"ಎಲ್ರಿಗೂ ನಮಸ್ಕಾರ," ಅಂದ. "ನಾನು ಮಾತಾಡೋನಲ್ಲ. ಭಾಷೇಲಿ ಮೂವತ್ತಾರೇ ಬಂದಿರೋದು, ಗೊತ್ತಲ್ಲ." ನಗು ಎದ್ದಿತು. ಅದು ಇಳಿಯುವವರೆಗೆ ಕಾದ. "ಇವರೆಲ್ಲ ನನ್ನ ಜೊತೆ ಓದಿದೋರು. ನಾನು ಗೋಡೆ ಕಡೆ ಮುಖ ಮಾಡಿ ನಿಂತಾಗ ಪಕ್ಕದಲ್ಲಿ ಬಂದು ನಿಂತೋರು. ನನ್ನ ಜನ್ಮದಲ್ಲಿ ಇಷ್ಟು ಹೆಮ್ಮೆ ಪಟ್ಟಿಲ್ಲ. ನನ್ನ ಬಗ್ಗೆ ಅಲ್ಲ, ಇವರ ಬಗ್ಗೆ." ಆಮೇಲೆ ತಡೆದು ಸೇರಿಸಿದ: "ಸುಳ್ಯಾಕೆ? ನನ್ನ ಬಗ್ಗೇನೂ."

ಹೊರಗೆ ಮೆಟ್ಟಿಲುಗಳ ಮೇಲೆ ಗುಂಪಿನ ಫೋಟೋ. ಫೋಟೋ ತೆಗೆಯುವವನು ಬೇರೆ ಊರಿನವನು, ಕತೆ ತಿಳಿಯದವನು. ಕ್ಯಾಮೆರಾ ಹಿಡಿದು ಕೈಯಾಡಿಸಿದ. "ಪೋಷಕರು ಸ್ವಲ್ಪ ಪಕ್ಕಕ್ಕೆ ಸರೀರಿ. ಹಿಂದಿನ ಸಾಲಲ್ಲಿ, ಸಾರ್, ನಿಮಗೇ ಹೇಳಿದ್ದು."

ಡ್ರೈವರಣ್ಣ ಸರಿಯಲು ಕಾಲೆತ್ತಿದ. ಮಗಳು ಒಂದು ತೋಳು ಹಿಡಿದಳು, ಉದ್ದಕ್ಕ ಇನ್ನೊಂದು ಹಿಡಿದಳು. ಇಪ್ಪತ್ತೆಂಟು ಗಂಟಲುಗಳು ಒಟ್ಟಿಗೆ ಕೂಗಿದವು:

"ಅವರು ಪೋಷಕರಲ್ಲ ಸಾರ್, ಸ್ಟೂಡೆಂಟು!"

ಫೋಟೋದವನು ತಬ್ಬಿಬ್ಬಾಗಿ ನಕ್ಕ, ನಗುತ್ತಲೇ ಒತ್ತಿದ. ಆ ಚಿತ್ರದಲ್ಲಿ ಯಾರ ಬಾಯೂ ಮುಚ್ಚಿಲ್ಲ. ಮುಂದಿನ ಸಾಲಿನ ಇಬ್ಬರು ಹಿಂದೆ ತಿರುಗಿರುವುದರಿಂದ ಅವರ ಜಡೆಗಳಷ್ಟೇ ಕಾಣುತ್ತವೆ. ಹೆಡ್‌ಮಾಸ್ತರರು ಇನ್ನೊಮ್ಮೆ ತೆಗೆಸೋಣ ಅಂದರು. ಯಾರೂ ಒಪ್ಪಲಿಲ್ಲ.