ರಾಜಶ್ರೀ ಕಲಿಸಿದ ಹನ್ನೊಂದು ಹೆಜ್ಜೆ

ರಾಜಶ್ರೀ ನಮ್ಮ ಮನೆಗೆ ಬಾಡಿಗೆಗೆ ಬಂದ ದಿನವೇ ನಾನು ಅವಳ ಮೇಲೆ ರೇಗಿದೆ. ಕೈಯಲ್ಲೊಂದು ಸೂಟ್‌ಕೇಸು, ಬಗಲಲ್ಲೊಂದು ರಟ್ಟಿನ ಡಬ್ಬಿ. ಡಬ್ಬಿ ತೆರೆದರೆ ಅದರ ತುಂಬ ಗುಂಡಿ, ಜಿಪ್ಪು, ಲಾಡಿ, ಪ್ರೆಸ್ ಬಟನ್ನು. ನಾನು ದಾಂಡೇಲಿಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಗೆ ಮಷಿನ್ ತುಳಿಯುತ್ತಿರುವವಳು. ನನ್ನ ಮನೆಯಲ್ಲೇ ಇನ್ನೊಬ್ಬ ಟೇಲರ್ ಬಂದು ಕೂತಳಲ್ಲ ಎಂದು ಮೈಯೆಲ್ಲ ಉರಿಯಿತು.

"ಏನವಾ, ಅಂಗಡಿ ಇಡಾಕ ಬಂದೀಯೇನ?" ಎಂದೆ.

"ಇಲ್ರೀ ಗಿರಿಜಕ್ಕಾ. ಇವು ಪಾಠದ ಸಾಮಾನು. ಮಕ್ಕಳಿಗೆ ಗುಂಡಿ ಹಾಕ್ಕೊಳ್ಳೂದು ಕಲಸ್ತೇನಿ."

"ಗುಂಡಿ ಹಾಕ್ಕೊಳ್ಳೂದು ಕಲಸಾಕ ಕಾಲೇಜ್ ಬೇಕೇನ?"

"ಎರಡು ವರ್ಷ ಬೇಕ್ರೀ," ಎಂದು ನಕ್ಕಳು. ಆ ನಗುವಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಅವಳು ಮಾಡಿಕೊಟ್ಟ ಚಹಾಕ್ಕೆ ಇಳಿಯಿತು.

ಅವಳ ಊರು ಮುಂಡಗೋಡ ತಾಲೂಕಿನ ಚಿಗಳ್ಳಿ. ಅಪ್ಪ ಅಂದಾನೆಪ್ಪ ಒಕ್ಕಲುತನದವರು. ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಮನುಷ್ಯ. ಮಗಳು ಧಾರವಾಡದಲ್ಲಿ ವಿಶೇಷ ಶಿಕ್ಷಣದ ಬಿ.ಇಡಿ. ಓದುತ್ತಿದ್ದಳು. ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ "ಬಿ.ಇಡಿ." ಎಂದಷ್ಟೇ ಹೇಳಿ ಮುಂದಿನದನ್ನು ನುಂಗುತ್ತಿದ್ದರಂತೆ. 'ಹುಚ್ಚರ ಶಾಲೆಯ ಟೀಚರ್' ಎಂದು ಯಾರೋ ಒಮ್ಮೆ ಆಡಿಕೊಂಡದ್ದು ಅವರಿಗೆ ನಾಟಿತ್ತು. ಹಾಗಂತ ರಾಜಶ್ರೀಯೇನೂ ಮಹಾ ಧ್ಯೇಯ ಇಟ್ಟುಕೊಂಡು ಸೇರಿದವಳಲ್ಲ. ಸಾದಾ ಬಿ.ಇಡಿ.ಗೆ ಸೀಟು ಸಿಗಲಿಲ್ಲ, ಇಲ್ಲಿ ಖಾಲಿ ಇತ್ತು, ಸೇರಿದಳು, ಅಷ್ಟೆ. ಮೊದಲ ಮೂರು ತಿಂಗಳು ಹಾಸ್ಟೆಲಿನಲ್ಲಿ ಅತ್ತಳು. ಆಮೇಲೆ ಒಂದು ದಿನ, ಹನ್ನೊಂದು ವರ್ಷವಾದರೂ ತಾಯಿಯ ಕೈಯಿಂದಲೇ ನೀರು ಕುಡಿಯುತ್ತಿದ್ದ ಹುಡುಗನೊಬ್ಬ ಇವಳು ಕಲಿಸಿದ ಮೇಲೆ ತಾನೇ ಲೋಟ ಎತ್ತಿ ಕುಡಿದ.

"ಅವತ್ತಿನಿಂದ ನಂಗ ಬ್ಯಾರೆ ಕೆಲಸ ರುಚಿ ಹತ್ತಲಿಲ್ರೀ ಅಕ್ಕಾ," ಎನ್ನುತ್ತಿದ್ದಳು.

ಕೊನೆಯ ವರ್ಷ ನಾಲ್ಕು ತಿಂಗಳು ಯಾವುದಾದರೂ ವಿಶೇಷ ಶಾಲೆಯಲ್ಲಿ ಇದ್ದು ಕಲಿಸಬೇಕು. ಹಾಗಾಗಿ ದಾಂಡೇಲಿಗೆ ಬಂದಿದ್ದಳು. ಒಬ್ಬೊಬ್ಬರೂ ಒಂದು ಮಗುವನ್ನು ಆರಿಸಿಕೊಂಡು, ಒಂದು ಕೆಲಸ ಕಲಿಸಿ, ಫೈಲು ಬರೆಯಬೇಕು. ಜೊತೆಯವರು ಹಲ್ಲುಜ್ಜುವುದು, ಹತ್ತರವರೆಗೆ ಎಣಿಸುವುದು ಎಂದು ಸುಲಭದ್ದು ಹಿಡಿದರು. ನಮ್ಮವಳು ಐಶ್ವರ್ಯಾಳನ್ನು ಹಿಡಿದಳು.

ಐಶ್ವರ್ಯಾ ನಮ್ಮೂರ ಪಕ್ಕದ ಕೋಗಿಲಬನದ ಹುಡುಗಿ, ಅದೇ ಶಾಲೆಯವಳು, ಹದಿನಾಲ್ಕು ವರ್ಷ. ಬುದ್ಧಿ ಐದಾರು ವರ್ಷದ ಮಗುವಿನದು. ಅಪ್ಪ ದುಂಡೇಶ ಕಾಗದದ ಮಿಲ್ಲಿನಲ್ಲಿ ದುಡಿಯುವವನು, ತಾಯಿ ಯಲ್ಲವ್ವ. ಹುಡುಗಿ ದೊಡ್ಡವಳಾಗಿ ವರ್ಷವಾಗಿತ್ತು, ಆದರೆ ಮುಟ್ಟಿನ ಬಟ್ಟೆ ನೋಡಿಕೊಳ್ಳುವುದು ಅವಳಿಗೆ ತಿಳಿಯುತ್ತಿರಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಕಲೆಯಾದ ಲಂಗದಲ್ಲೇ ಬಸ್ ಸ್ಟ್ಯಾಂಡಿನವರೆಗೆ ನಡೆದುಬಿಟ್ಟಳು. ಜನ ನಕ್ಕರು. ದುಂಡೇಶ ಮಿಲ್ಲಿನಿಂದ ಓಡಿಬಂದು, ತನ್ನ ಅಂಗಿ ಕಳಚಿ ಮಗಳ ಸೊಂಟಕ್ಕೆ ಸುತ್ತಿ, ಬರಿಮೈಯಲ್ಲಿ ಅವಳನ್ನು ಮನೆಗೆ ಕರೆತಂದ. ಅದಾದ ವಾರಕ್ಕೇ ದೂರದ ಊರಿನ ಒಬ್ಬ ಡಾಕ್ಟರನ್ನು ಕಂಡು, ಮಗಳ ಗರ್ಭಕೋಶ ತೆಗೆಸಿಬಿಡಲು ದಿನ ಗೊತ್ತು ಮಾಡಿದ. ಯುಗಾದಿ ಆದ ಮೇಲಿನ ಸೋಮವಾರ.

ಈ ಸುದ್ದಿ ಕೇಳಿದ ರಾಜಶ್ರೀ ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದಳು.

"ನಂಗ ಯುಗಾದಿ ತನಕ ಟೈಮ್ ಕೊಡ್ರಿ. ನಾ ಕಲಸ್ತೇನಿ. ಏನೂ ಆಗದ ಗರ್ಭಕೋಶಾನ ಯಾಕ ತಗಸ್ತೀರಿ?"

ದುಂಡೇಶ ಗೋಡೆ ನೋಡುತ್ತ ಹೆಂಡತಿಗೆ ಹೇಳಿದ, "ಯುಗಾದಿ ತನಕ ಏನ್ ಬೇಕಾದ್ ಮಾಡ್ಲಿ ಅನ್ನು. ಸೋಮವಾರ ಮಾತ್ರ ಬದಲಿ ಆಗೂದಿಲ್ಲ." ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಅವನ ಕಣ್ಣು ಕೆಂಪಾಗಿತ್ತು.

ರಾಜಶ್ರೀ ಆ ಒಂದು ಕೆಲಸವನ್ನು ಹನ್ನೊಂದು ಹೆಜ್ಜೆಯಾಗಿ ಒಡೆದಳು. ಬಚ್ಚಲಿಗೆ ಹೋಗು, ಬಾಗಿಲು ಹಾಕು, ನೋಡು, ಬಿಚ್ಚು... ಹೀಗೆ ಕೊನೆಗೆ ತೊಳೆ, ಬಿಸಿಲಿಗೆ ಒಣಹಾಕು ಎನ್ನುವವರೆಗೆ. ಒಂದೊಂದಕ್ಕೂ ಚಿತ್ರ ಬರೆದು ಬಚ್ಚಲ ಬಾಗಿಲ ಒಳಗಡೆ ಅಂಟಿಸಿದಳು. ಪ್ರೆಸ್ ಬಟನ್ ಇರುವ ಬಟ್ಟೆಯ ಪ್ಯಾಡುಗಳನ್ನು ನಾನು ಹೊಲಿದುಕೊಟ್ಟೆ, ಅವನ್ನು ಇಡಲು ಒಂದು ಹಸಿರು ಚೀಲ ಬೇರೆ. ಮೊದಮೊದಲು ರಾಜಶ್ರೀ ಹುಡುಗಿಯ ಕೈ ಮೇಲೆ ಕೈಯಿಟ್ಟು ಮಾಡಿಸುತ್ತಿದ್ದಳು. ಆಮೇಲೆ ಮಣಿಕಟ್ಟು ಮಾತ್ರ ಹಿಡಿದಳು. ಆಮೇಲೆ ಮೊಣಕೈ. ಆಮೇಲೆ ಬರೀ ಬೆರಳು ತೋರಿಸಿದಳು.

"ಇಷ್ಟು ನಿಧಾನಕ್ಕೆ ಮಾಡಿದ್ರ ಮುಗೀತು ಬಿಡವಾ. ನೀನs ಮಾಡಿ ಕೊಟ್ಟುಬಿಡು," ಎಂದೆ ಒಂದು ದಿನ.

"ಮಾಡಿಕೊಡೂದು ಎಲ್ಲಾರಿಗೂ ಬರ್ತೈತ್ರೀ ಅಕ್ಕಾ. ಕೈ ಹಿಂದಕ ತಗೊಳ್ಳೂದಕ್ಕ ಎರಡು ವರ್ಷ ಓದಬೇಕು," ಎಂದಳು.

ಒಂದು ತೊಡಕಿತ್ತು. ಐಶ್ವರ್ಯಾಳಿಗೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೆ ಕಾಯುತ್ತ ಕೂತರೆ ಅಭ್ಯಾಸ ಆಗುವುದು ಯಾವಾಗ? ಬಟ್ಟೆಗೆ ಕೆಂಪು ಶಾಯಿ ಹಾಕೋಣ ಎಂದಳು ರಾಜಶ್ರೀ. ಶಾಯಿ ಹೋಗುವುದಿಲ್ಲ, ನನ್ನ ಹೊಲಿಗೆ ಹಾಳಾಗುತ್ತದೆ ಎಂದು ನಾನೇ ಬುದ್ಧಿ ಹೇಳಿದೆ. ದೇವರ ಜಗಲಿಯ ಭರಣಿಯಿಂದ ಚಿಟಿಕೆ ಕುಂಕುಮ ತೆಗೆದು ನೀರಿಗೆ ಕಲಸಿಕೊಟ್ಟೆ. ಆ ನೀರಿನಲ್ಲೇ ಎರಡು ತಿಂಗಳು ಅಭ್ಯಾಸ ನಡೆಯಿತು. ಕೆಂಪು ಕಂಡರೆ ಸಾಕು, ಹುಡುಗಿ ಎದ್ದು ಹಸಿರು ಚೀಲ ಹುಡುಕುವಳು. ನಮ್ಮಿಬ್ಬರಿಗೂ ಹಿಗ್ಗು.

ಯುಗಾದಿಗೆ ಹದಿನೈದು ದಿನ ಇರುವಾಗ ಯಲ್ಲವ್ವನ ತಮ್ಮನ ಹೆಂಡತಿಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿದ್ದರು. ನಾವಿಬ್ಬರೂ ಹೋಗಿದ್ದೆವು. ಐದು ಜನ ಮುತ್ತೈದೆಯರು ಕುಂಕುಮದ ನೀರು ತುಂಬಿದ ತಟ್ಟೆ ಹಿಡಿದು ಆರತಿ ಎತ್ತಿದರು. ಯಾರದೋ ಕೈ ಅಲುಗಿ ನಾಲ್ಕು ಹನಿ ಬಸುರಿಯ ಸೀರೆಯ ಮೇಲೆ ಬಿತ್ತು. ಐಶ್ವರ್ಯಾ ಅದನ್ನು ಕಂಡಳು. ತುಂಬಿದ ಸಭೆಯಲ್ಲಿ ದಡದಡನೆ ಹೋಗಿ, ಹೆಗಲಿಗೆ ಹಾಕಿಕೊಂಡು ಬಂದಿದ್ದ ಹಸಿರು ಚೀಲದಿಂದ ಪ್ಯಾಡ್ ತೆಗೆದು ಬಸುರಿಯ ಮಡಿಲಲ್ಲಿಟ್ಟಳು.

"ಬಾ ಅತ್ತಿ. ಬಚ್ಚಲಕ್ಕ ಹೋಗೂಣು. ಬಾಗಲಾ ಹಾಕೂಣು," ಎಂದು ಅವಳ ಕೈ ಹಿಡಿದು ಜಗ್ಗಿದಳು.

ಅಯ್ಯೋ ಶಿವನೇ! ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಸುರಿ ಹೆಂಗಸಿಗೆ, ಅದೂ ಕುಬಸದ ಮಣೆಯ ಮೇಲೆ! ಬಸುರಿಯ ತಾಯಿ ಅಪಶಕುನ ಅಪಶಕುನ ಎಂದು ಎದೆ ಬಡಿದುಕೊಂಡಳು. ಗಂಡಸರು ಎದ್ದು ಹೊರಗೆ ಹೋದರು. ದುಂಡೇಶ ಮಗಳ ರಟ್ಟೆ ಹಿಡಿದು ಕರೆದುಕೊಂಡು ಹೋಗುವಾಗ ರಾಜಶ್ರೀ ಅಡ್ಡ ಬಂದಳು.

"ಆಕೀದು ತಪ್ಪಿಲ್ರೀ. ನಾ ಬಣ್ಣ ತೋರಿಸಿ ಕಲಿಸೇನಿ, ಆಕಿ ಬಣ್ಣ ಕಲತಾಳ. ತಪ್ಪು ನಂದು."

ಅವನು ನಿಲ್ಲಲಿಲ್ಲ. ಕುಂಕುಮದ ಬುದ್ಧಿ ಕೊಟ್ಟವಳು ನಾನು. ಅದನ್ನು ಅಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ, ಆ ನಾಚಿಕೆ ಇವತ್ತಿಗೂ ಇದೆ.

ರಾಜಶ್ರೀ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಯಲ್ಲವ್ವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಯಲ್ಲವ್ವ ಒಳಗೆ ಕರೆದಳು. ಪಾಪ, ಅವಳಿಗೂ ಬೇರೆ ಯಾರಿದ್ದರು? ಮತ್ತೆ ಮೊದಲಿನಿಂದ ಶುರು. ಕುಂಕುಮದ ನೀರು ಬಂದ್. ಕೆಂಪು ಕುಪ್ಪಸ, ಟೊಮೆಟೊ, ಕುಂಕುಮದ ಭರಣಿ ಎಲ್ಲವನ್ನೂ ಮುಂದಿಟ್ಟು "ಇದಕ್ಕಲ್ಲ" ಎಂದು ಹೇಳಿಕೊಟ್ಟಳು. "ನಿನ್ನ ಮೈಯಾಗ ಹಸಿ ಅನ್ನಿಸಿದ್ರ ಮಾತ್ರ. ನಿನ್ನ ಬಟ್ಟಿ ಮಾತ್ರ." ದಿನಕ್ಕೆ ಮೂವತ್ತು ಸಲ ಹೇಳಿದಳೇನೋ. ಹುಡುಗಿಗೆ ತಿಳಿಯಿತೋ ಇಲ್ಲವೋ ತಿಳಿಯಲು ನಿಜವಾದ ಮುಟ್ಟೇ ಬರಬೇಕಿತ್ತು. ಯುಗಾದಿ ಬಂತು, ಹೋಯಿತು. ಅದು ಬರಲಿಲ್ಲ.

ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು. ಯಲ್ಲವ್ವ ಜ್ವರದಿಂದ ಮಲಗಿದ್ದಾಳೆಂದು ಗಂಜಿ ಮಾಡಿಕೊಂಡು ಇಬ್ಬರೂ ಮಧ್ಯಾಹ್ನ ಹೋದೆವು. ಐಶ್ವರ್ಯಾ ತಾಯಿಯ ಕಾಲ ಬಳಿ ಕೂತು ಮಣಿ ಪೋಣಿಸುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದಳು. ಹಿಂದೆ ಮುಟ್ಟಿ ನೋಡಿಕೊಂಡಳು. ಗೂಟದಿಂದ ಹಸಿರು ಚೀಲ ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿದಳು.

ನಾನು ಸೆರಗು ಸಿಕ್ಕಿಸಿಕೊಂಡು ಏಳಹೋದೆ. ರಾಜಶ್ರೀ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಹೋಗಬ್ಯಾಡ್ರಿ ಅಕ್ಕಾ."

"ಗುಂಡಿ ಹಾಕ್ಕೊಳ್ಳಾಕ ಬರಲಿಲ್ಲಂದ್ರ?"

"ಹೋಗಬ್ಯಾಡ್ರಿ."

ಒಳಗೆ ತಂಬಿಗೆಯ ಸದ್ದು, ಆಮೇಲೆ ಏನೂ ಇಲ್ಲ. ನನಗೋ ಒಂದೊಂದು ನಿಮಿಷವೂ ಒಂದು ಗಂಟೆ. ಮತ್ತೆ ನೀರು ಸುರಿಯುವ ಸದ್ದು. ಬಾಗಿಲು ತೆರೆಯಿತು. ಲಂಗ ಹಿಂದುಮುಂದಾಗಿತ್ತು, ಉಳಿದದ್ದೆಲ್ಲ ಸರಿಯಾಗಿತ್ತು. ತೊಳೆದ ಬಟ್ಟೆಯನ್ನು ಕೈಯಲ್ಲಿ ಹಿಡಿದು, ನಮ್ಮ ಯಾರ ಮುಖವನ್ನೂ ನೋಡದೆ, ನೆಟ್ಟಗೆ ಮುಂದಿನ ಅಂಗಳಕ್ಕೆ ಹೋದಳು. ರಸ್ತೆಗೆ ಕಾಣುವ ಹಗ್ಗದ ಮೇಲೆ, ಅಪ್ಪನ ಮಿಲ್ಲಿನ ಅಂಗಿಯ ಪಕ್ಕದಲ್ಲೇ ಹರವಿದಳು.

ಯಲ್ಲವ್ವ ಗಾಬರಿಯಾದಳು. ನಾವೆಲ್ಲ ಆ ಬಟ್ಟೆಯನ್ನು ಹಿತ್ತಲಲ್ಲಿ, ಹಳೆಯ ಸೀರೆಯ ಕೆಳಗೆ ಬಚ್ಚಿಟ್ಟು ಒಣಗಿಸುವವರು. ಗಂಡಸರ ಕಣ್ಣಿಗೆ ಬಿದ್ದೀತೆಂದು ಜೀವಮಾನವೆಲ್ಲ ಹೆದರಿದವರು. "ಅದರ ಮ್ಯಾಲೆ ಒಂದು ಟವೆಲ್ಲರ ಹಾಕ್ರೀ!" ಎಂದು ಆ ಜ್ವರದಲ್ಲೇ ಏಳುತ್ತಿರುವಾಗ ದುಂಡೇಶ ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಒಳಗೆ ಬಂದ.

ಹಗ್ಗದ ಮುಂದೆ ನಿಂತ. ನೋಡಿದ. ಮಗಳು ಅಲ್ಲೇ ನಿಂತಿದ್ದಳು.

"ಯಾರ್ ಹಾಕಿದ್ರು?"

"ನಾ. ತೊಳದೆ. ಬಿಸಲಿಗೆ ಹಾಕಿದೆ," ಎಂದಳು ಐಶ್ವರ್ಯಾ.

ಅವನ ಅಂಗಿಯ ನೆರಳು ಆ ಬಟ್ಟೆಯ ಅರ್ಧಕ್ಕೆ ಬೀಳುತ್ತಿತ್ತು. ದುಂಡೇಶ ಅಂಗಿಯನ್ನು ಹಗ್ಗದ ಇನ್ನೊಂದು ತುದಿಗೆ ಸರಿಸಿದ. ಬಟ್ಟೆಯ ಮೇಲೆ ಪೂರ್ತಿ ಬಿಸಿಲು ಬಿತ್ತು. ಆಮೇಲೆ ಕಟ್ಟೆಯ ಮೇಲೆ ಕೂತು ಫೋನ್ ತೆಗೆದ.

"ಡಾಕ್ಟರ್ ಸಾಹೇಬ್ರ, ದುಂಡೇಶ ಮಾತಾಡ್ತೇನ್ರಿ, ಕೋಗಿಲಬನದಿಂದ. ಸೋಮವಾರ ನಾವು ಬರೂದಿಲ್ರೀ. ಇಲ್ರೀ, ಮುಂದಿನ ವಾರಾನೂ ಬರೂದಿಲ್ಲ. ಬ್ಯಾಡರೀ ಅದು. ನನ್ನ ಮಗಳಿಗೆ ಆಕೀದು ಆಕಿ ನೋಡ್ಕೊಳ್ಳಾಕ ಬರ್ತೈತಿ."

ರಾಜಶ್ರೀ ಹೊಸ್ತಿಲಲ್ಲೇ ಕುಸಿದು ಕೂತು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ.